ಡ್ರೈಯರ್ ಮಾರಬೇಕೋ, ಕೆಜಿ ಲೆಕ್ಕದಾಗ ಬಾಡಿಗಿ ತಗೋಬೇಕೋ? ಬ್ಯಾಡಗಿ ಓದುಗರೊಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ಮೇಡಂ ನಮಸ್ಕಾರ್ರಿ. ನಾನು ಬ್ಯಾಡಗಿ ತಾಲೂಕಿನಾಂವ, ಹುಬ್ಬಳ್ಳಿಯೊಳಗ ಮೆಕ್ಯಾನಿಕಲ್ ಇಂಜಿನಿಯರಿಂಗ್ ಮುಗಿಸೇನಿ. ಇಬ್ರು ಗೆಳ್ಯಾರ ಜೊತಿ ಸೇರಿ ಬಿಸಲು ಮತ್ತ ಕಟ್ಟಿಗಿ ಎರಡರ ಮ್ಯಾಲೂ ನಡಿಯೋ ಮೆಣಸಿನಕಾಯಿ ಡ್ರೈಯರ್ ತಯಾರು ಮಾಡೇವಿ. ಒಂದು ಬ್ಯಾಚಿಗೆ 200 ಕೆಜಿ ಹಸಿ ಹಣ್ಣುಗಾಯಿ ಹಿಡಿತೈತಿ, ಎರಡು ದಿನದಾಗ ಒಣಗತೈತಿ. ರೇಟು 2.40 ಲಕ್ಷ. ಎರಡು ಸೀಸನ್‌ದಾಗ 11 ಮಷಿನ್ ಹೋಗ್ಯಾವ, ಹೆಚ್ಚಿನವರು ಸಬ್ಸಿಡಿ ಸಿಕ್ಕಿದ್ದಕ್ಕ ತಗೊಂಡೋರು. ನಮ್ಮ ಮೆಂಟರ್ ಹೇಳ್ತಾರ, ಮಷಿನ್ ಚಲೋ ಐತಿ ಆದ್ರ ಬಿಸಿನೆಸ್ ಮಾಡೆಲ್ ಇನ್ನೋವೇಟಿವ್ ಇಲ್ಲ, ಕೆಜಿಗೆ ಇಷ್ಟು ಅಂತ ಚಾರ್ಜ್ ಮಾಡ್ರಿ, ಆಪ್ ಮಾಡ್ರಿ, ಮಾರೋರು-ಕೊಳ್ಳೋರನ್ನ ಕೂಡಸೋ ಪ್ಲಾಟ್‌ಫಾರ್ಮ್ ಆಗ್ರಿ ಅಂತ. ಅಪ್ಪಾರು ಅಂತಾರ, ಮಾರು, ರೊಕ್ಕ ಎಣಿಸು, ಬಾಡಿಗಿ ಉಸಾಬರಿ ಬ್ಯಾಡ. ಬೆಂಗಳೂರಿನ ಇನ್ವೆಸ್ಟರ್ ಒಬ್ರು ಮಷಿನ್ ಮಾರೋ ಕಂಪನಿಗೆ ದುಡ್ಡು ಹಾಕಲ್ಲ ಅಂದ್ರು. ನಮ್ಮ ಹತ್ರ ಇನ್ನೊಂದು ಸೀಸನ್‌ಗೆ ಆಗುವಷ್ಟು ರೊಕ್ಕ ಉಳದೈತಿ. ಸ್ಟಾರ್ಟಪ್ ಒಂದರ ಮಾಡೆಲ್ ಹೊಸದಾಗೋದು ಯಾತರಿಂದ? ನಾವು ಹಳೇ ಪದ್ಧತಿಯೊಳಗ ಸಿಕ್ಕೊಂಡೀವೇನ್ರಿ?

ಉತ್ತರ: ನಮಸ್ಕಾರ್ರಿ. ನಿಮ್ಮ ಪತ್ರದಾಗ ಎರಡು ಚಿಂತಿ ಒಂದರಾಗೊಂದು ಕಲತಾವ. ಸಬ್ಸಿಡಿ ಇಲ್ಲದ ಮಷಿನ್ ಯಾಕ ಹೋಗವಲ್ದು ಅನ್ನೋದು ಒಂದು, ಮೂರು ಮಂದಿ ಮೂರು ಮಾತು ಹೇಳಿದ್ರಲ್ಲ ಯಾರದು ಕೇಳೋದು ಅನ್ನೋದು ಇನ್ನೊಂದು. ಮೊದಲನೇದು ತಿಳೀತು ಅಂದ್ರ ಎರಡನೇದು ತಾನ ಬಗಿಹರೀತೈತಿ. ನಾನು ಮೊದಲ ಬ್ಯಾಂಕಿನಾಗ ಸಣ್ಣ ಉದ್ದಿಮಿ ಸಾಲದ ಕೆಲಸ ನೋಡ್ತಿದ್ದೆ, ಈಗ ಹುಬ್ಬಳ್ಳಿ-ಧಾರವಾಡ ಕಡೆ ಹೊಸದಾಗಿ ಶುರುವಾದ ಕಂಪನಿಗಳ ಜೊತಿ ಕೂತು ರೇಟು, ಕರಾರು, ರೊಕ್ಕದ ಓಡಾಟ ನೋಡೋದು ನನ್ನ ಕೆಲಸ, ಹಂಗಾಗಿ ನನ್ನ ಉತ್ತರ ಸ್ವಲ್ಪ ಲೆಕ್ಕದ ಕಡೆನ ವಾಲತೈತಿ.

ಮೊದಲ ಒಂದು ತಪ್ಪು ತಿಳುವಳಿಕಿ ತಗದ ಬಿಡೋಣು. ಹೊಸ ಮಾಡೆಲ್ ಅಂದ್ರ ಆಪ್ ಅಲ್ಲ, ಸಬ್‌ಸ್ಕ್ರಿಪ್ಷನ್ ಅಲ್ಲ, ಪ್ಲಾಟ್‌ಫಾರ್ಮೂ ಅಲ್ಲ. ಅವು ಗಿರಾಕಿ ಕಡೆ ಹೋಗೋ, ರೊಕ್ಕ ವಸೂಲು ಮಾಡೋ ದಾರಿಗಳು ಅಷ್ಟ. ಮಾಡೆಲ್ ಅಂದ್ರ ನಾಲ್ಕು ಪ್ರಶ್ನಿಗೆ ಉತ್ತರ. ನಿಮ್ಮ ವಸ್ತುವಿನಿಂದ ಯಾರಿಗೆ ಲಾಭ, ಆ ಲಾಭದಾಗ ನಿಮಗ ಎಷ್ಟು ಮತ್ತ ಯಾವಾಗ ಸಿಗತೈತಿ, ಅದಕ್ಕ ಖರ್ಚೆಷ್ಟು, ಕೆಟ್ಟು ಕುಂತ್ರ ಲುಕ್ಸಾನು ಯಾರ ತಲಿ ಮ್ಯಾಲೆ. ಕಡೀ ಪ್ರಶ್ನಿ ಪ್ರೆಸೆಂಟೇಷನ್‌ದಾಗ ಯಾರೂ ಬರಿಯಂಗಿಲ್ಲ. ಆದ್ರ ನಾನು ನೋಡಿದ ಮಟ್ಟಿಗೆ ಹೊಸತನ ಹುಟ್ಟೋದು ಅಲ್ಲೇ, ಕಂಪನಿ ಮುಳುಗೋದೂ ಅಲ್ಲೇ.

ನಿಮ್ಮ ಮೆಂಟರ್ ಹೇಳೋ ಬಳಸಿದಷ್ಟಕ್ಕ ರೊಕ್ಕ ಅನ್ನೋ ವಿಚಾರದ ಹಳೇ ಉದಾಹರಣಿ ನೋಡ್ರಿ. 1959ರಾಗ ಅಮೆರಿಕದಾಗ ಝೆರಾಕ್ಸ್ ಕಂಪನಿಯವರು 914 ಅನ್ನೋ ಕಾಪಿ ಮಷಿನ್ ತಂದ್ರು. ಬಾಳ ತುಟ್ಟಿ ಮಷಿನ್, ಅಷ್ಟು ರೊಕ್ಕ ಕೊಟ್ಟು ಆಫೀಸಿನವರು ತಗೊಳ್ಳೋದು ಕಷ್ಟ ಇತ್ತು. ಅವರು ತಿಂಗಳಿಗೆ 95 ಡಾಲರ್ ಬಾಡಿಗಿಗೆ ಕೊಟ್ರು, ಮೊದಲ 2000 ಕಾಪಿ ಅದರಾಗ ಬಂತು, ಅದರ ಮ್ಯಾಲೆ ಕಾಪಿಗೆ ಇಷ್ಟು ಅಂತ. ಮಷಿನ್ ಅದ, ಬದಲಾಗಿದ್ದು ಏನಂದ್ರ "ನಾನು ಎಷ್ಟು ಕಾಪಿ ತಗೀತೀನೋ ಗೊತ್ತಿಲ್ಲ, ಇಷ್ಟು ರೊಕ್ಕ ಹಾಕಿ ಸುಮ್ನ ಕುಂತ್ರ ಹೆಂಗ" ಅನ್ನೋ ಗಿರಾಕಿ ಭಯ ಕಂಪನಿ ಕಡೆ ಹೋತು. ಅವರಿಗೆ ಅದು ದಕ್ಕಿತು, ಯಾಕಂದ್ರ ಆಫೀಸಿನಾಗ ಕಾಪಿ ವರ್ಷಾನುಗಟ್ಟಲೆ ದಿನಾ ತಗೀತಾರ. ಈ ಕಡೀ ಮಾತು ನೆನಪಿಟ್ಟುಕೋರಿ, ಮುಂದ ನಿಮ್ಮ ಮೆಣಸಿನಕಾಯಿಗೆ ಇದ ಅಡ್ಡ ಬರತೈತಿ.

ದೂರದ ಉದಾಹರಣಿ ಯಾಕ ಬೇಕು, ನಮ್ಮ ಗದಗಿನ ಕಣಗಿನಹಾಳ ತಗೋರಿ. 1905ರಾಗ ಸಿದ್ದನಗೌಡ ಪಾಟೀಲರು ಅಲ್ಲಿ ಕೃಷಿ ಪತ್ತಿನ ಸಹಕಾರಿ ಸಂಘ ಕಟ್ಟಿದ್ರು, ದೇಶದ ಸಹಕಾರಿ ಚಳುವಳಿ ಕತಿ ಹೇಳೋರೆಲ್ಲ ಅಲ್ಲಿಂದನ ಶುರು ಮಾಡ್ತಾರ. ಅದರಾಗ ಯಾವ ಹೊಸ ಯಂತ್ರ ಇತ್ತು? ಸಾಲ ಕೊಡೋದು ಹಳೇ ದಂಧೆ. ಹೊಸದು ಏನಂದ್ರ ಸಾಲ ಮುಳುಗೋ ಭಾರ ಒಬ್ಬ ಸಾಹುಕಾರ್ನ ಮ್ಯಾಲೆ ಇರದ ಊರಿನ ಸದಸ್ಯರೆಲ್ಲರ ಮ್ಯಾಲೆ ಬಂತು, ಊರವರಿಗೆ ಯಾರ ಹೊಲ ಹೆಂಗೈತಿ, ಯಾರು ಮಾತಿಗೆ ನಿಲ್ತಾರ ಅನ್ನೋದು ಗೊತ್ತಿತ್ತು, ಅದಕ್ಕ ಬಡ್ಡಿ ಇಳಸಾಕ ಬಂತು. ಅದ ಗದಗಿನಾಗ 1976ರಾಗ ವಿಜಯ ಸಂಕೇಶ್ವರರು ಒಂದ ಲಾರಿಯಿಂದ ಶುರು ಮಾಡಿ ಹುಬ್ಬಳ್ಳಿಗೆ ಬಂದು ವಿಆರ್‌ಎಲ್ ಕಟ್ಟಿದ್ರು. ಒಂದಿಡೀ ಲಾರಿ ತುಂಬುವಷ್ಟು ಮಾಲು ಇಲ್ಲದ ಸಣ್ಣ ಅಂಗಡಿಯವರ ಗಂಟು-ಮೂಟಿ ಕೂಡಿಸಿ ಒಯ್ಯೋದು, ಸ್ವಂತ ಗಾಡಿ, ಸ್ವಂತ ವರ್ಕ್‌ಶಾಪು. ಲಾರಿ ತುಂಬತೈತೋ ಇಲ್ಲೋ ಅನ್ನೋ ಚಿಂತಿ ಅಂಗಡಿಯವನಿಂದ ಕಂಪನಿಗೆ ಬಂತು. ಹುಬ್ಬಳ್ಳಿಯೊಳಗ ಕೂತು ಹೊಸ ಮಾಡೆಲ್ ಆಗಂಗಿಲ್ಲ, ಅದೆಲ್ಲ ಬೆಂಗಳೂರಿನ ಕೆಲಸ ಅನ್ನೋರಿಗೆ ನಾನು ಈ ಎರಡೂ ಹೆಸರು ಹೇಳ್ತೀನಿ.

ಈಗ ನಿಮ್ಮ ಮಷಿನ್ ಕಡೆ ಬರೋಣು.

ರೈತ ಸಬ್ಸಿಡಿ ಇಲ್ಲದ ಯಾಕ ತಗೋವಲ್ಲ? "ಹಳ್ಳಿ ಮಂದಿ ಕಡೆ ರೊಕ್ಕ ಇಲ್ಲ" ಅನ್ನೋದು ಸುಲಭದ ಉತ್ತರ, ಆದ್ರ ಅಂವ ಟ್ರ್ಯಾಕ್ಟರ್ ತಗೋತಾನ, ಬೋರ್ ಕೊರಸ್ತಾನ, ಸಾಲ ಮಾಡಿ ಆದ್ರೂ. ತಗೋವಲ್ಲ ಅಂದ್ರ ಅದರಿಂದ ಅಂವಗ ಲಾಭ ಕಾಣವಲ್ದು ಅಂತ ಅರ್ಥ. ಈ ಲೆಕ್ಕ ಹಾಕ್ರಿ. ಕಣದಾಗ ಒಣಗಿಸಿದ ಮೆಣಸಿನಕಾಯಿ 100 ಕೆಜಿ, ತೇವ 14 ಪರ್ಸೆಂಟ್ ಐತಿ ಅಂತ ಇಟ್ಕೋರಿ. ಅದರಾಗ ಒಣ ಮಾಲು 86 ಕೆಜಿ. ನಿಮ್ಮ ಡ್ರೈಯರ್ ಅದನ್ನ ಚೊಲೋತ್ನಂಗ ಒಣಗಿಸಿ ತೇವ 10 ಪರ್ಸೆಂಟಿಗೆ ತಂತು ಅಂದ್ರ ತೂಕ ಎಷ್ಟು ಬರತೈತಿ? 95.6 ಕೆಜಿ. ನಾಲ್ಕೂವರಿ ಕೆಜಿ ಹತ್ರ ತೂಕ ಹೋತು. ಬ್ಯಾಡಗಿ ಮಾರ್ಕೆಟ್‌ದಾಗ ರೈತಗ ರೊಕ್ಕ ಬರೋದು ತೂಕದ ಮ್ಯಾಲೆ, ಖರೀದಿದಾರ ಲಾಟ್ ನೋಡೋದು ಕಣ್ಣಿಲೆ, ಕೈಲೆ ಹಿಚುಕಿ. ಹಂಗಾದ್ರ ನಿಮ್ಮ ಮಷಿನ್‌ದಾಗ ಒಣಗಿದ ಮಾಲಿಗೆ ಕ್ವಿಂಟಲ್‌ಗೆ ಸುಮಾರು 4.6 ಪರ್ಸೆಂಟ್ ಹೆಚ್ಚಿಗೆ ರೇಟು ಸಿಕ್ರ ಅಂವ ಇದ್ದಲ್ಲೇ ಇರ್ತಾನ, ಮಷಿನ್ ರೊಕ್ಕ ಇನ್ನೂ ಬ್ಯಾರೆ. ಅಷ್ಟು ಹೆಚ್ಚಿಗೆ ರೇಟು ಗ್ಯಾರಂಟಿ ಸಿಗತೈತಿ ಅಂತ, ಖರೀದಿದಾರರು ರೇಟು ಹಾಕೋ ಟೆಂಡರ್‌ದಾಗ ಯಾರು ಹೇಳ್ತಾರ?

ಇದನ್ನ ಓದಿ ಬ್ಯಾಸರ ಮಾಡ್ಕೋಬ್ಯಾಡ್ರಿ, ಯಾಕಂದ್ರ ನಿಮ್ಮ ಮಷಿನ್‌ದಿಂದ ಖರೇವಂದ್ರೂ ಲಾಭ ಐತಿ, ಅದು ರೈತನ ಕಿಸೆದಾಗ ಬೀಳವಲ್ದು ಅಷ್ಟ. ಮೆಣಸಿನಕಾಯಿ ನೆಲದ ಮ್ಯಾಲೆ ದಿನಗಟ್ಟಲೆ ಬಿದ್ದು, ನಡುವ ಇಬ್ಬನಿ ಬಿದ್ದು, ಅಕಾಲಿಕ ಮಳಿ ಹನಿ ಬಿತ್ತು ಅಂದ್ರ ಬೂಸ್ಟು ಬರತೈತಿ, ಅದರಿಂದ ಅಫ್ಲಾಟಾಕ್ಸಿನ್ ಅನ್ನೋ ವಿಷ. ಯುರೋಪಿಗೆ ಹೋಗೋ ಮೆಣಸಿನಕಾಯಿಯೊಳಗ ಇದರ ಮಿತಿ ಕೆಜಿಗೆ 10 ಮೈಕ್ರೋಗ್ರಾಂ ಅಷ್ಟ, ಅದರಾಗೂ ಬಿ1 ಅನ್ನೋ ನಮೂನಿ 5 ದಾಟಂಗಿಲ್ಲ. ಮಿತಿ ದಾಟಿದ್ರ ಕಂಟೇನರ್ ವಾಪಸ್ ಬರಬಹುದು. ಈ ಭಯ ಯಾರಿಗೆ ಐತಿ? ಎಕ್ಸ್‌ಪೋರ್ಟರ್‌ಗೆ ಐತಿ, ದೊಡ್ಡ ಮಸಾಲಿ ಕಂಪನಿಗೆ ಐತಿ. ಬ್ಯಾಡಗಿ ಕಾಯಿ ಖಾರ ಕಮ್ಮಿ ಬಣ್ಣ ಹೆಚ್ಚು, ಆ ಬಣ್ಣ ತಗದು ಓಲಿಯೋರೆಸಿನ್ ಅನ್ನೋ ಗಟ್ಟಿ ಸಾರ ಮಾಡೋ ಕಂಪನಿಗೂ ಬಣ್ಣ ಕೆಡಬಾರದು ಅನ್ನೋ ಗರಜು ಐತಿ. ಅಂದ್ರ ಮಷಿನ್ ಬಳಸೋಂವ ಒಬ್ಬ, ಲಾಭ ಆಗೋಂವ ಇನ್ನೊಬ್ಬ. ನೀವು ಎರಡು ವರ್ಷದಿಂದ ರೊಕ್ಕ ಕೇಳ್ತಿರೋದು ಲಾಭ ಆಗದವನ್ನ. ನಿಮ್ಮ ಮೆಂಟರ್ ಹೇಳಿದ ಕೆಜಿ ಲೆಕ್ಕ ತಂದ್ರೂ ಅದ ಮನಷ್ಯಾನ್ನ ಬ್ಯಾರೆ ನಮೂನಿ ಕೇಳಿದಂಗ ಆಗತೈತಿ.

ನನ್ನ ಮಟ್ಟಿಗೆ ಮಾಡೆಲ್ ರೂಪಿಸೋದ್ರಾಗ ಎಲ್ಲಕ್ಕಿಂತ ದೊಡ್ಡ ಸಂಗತಿ ಇದ. ನಿಮ್ಮ ಟೆಕ್ನಾಲಜಿ ಅಲ್ಲ, ನಿಮ್ಮ ಪೈಪೋಟಿ ಅಲ್ಲ. ಮಾರ್ಕೆಟ್‌ದಾಗ ಯಾವುದನ್ನ ಅಳೀತಾರ, ಅಳದಿದ್ದಕ್ಕ ಯಾರು ರೊಕ್ಕ ಕೊಡ್ತಾರ ಅನ್ನೋದು.

ಎರಡನೇದು ಸೀಸನ್. ಕೆಜಿ ಬಾಡಿಗಿ ಲೆಕ್ಕ ನೀವ ಹಾಕಿ ನೋಡ್ರಿ, ನಾನು ಸುಮಾರಿಗೆ ಹಾಕೇನಿ. 200 ಕೆಜಿ ಹಸಿಗಾಯಿಯೊಳಗ 70 ಪರ್ಸೆಂಟ್ ನೀರು ಐತಿ ಅಂದ್ರ ಒಣಗಿದ ಮ್ಯಾಲೆ ಸಿಗೋದು 66 ಕೆಜಿ ಆಸುಪಾಸು. ನಮ್ಮ ಕಡೆ ಒಣಗಿಸೋ ಕಾಲ ಮೂರು ತಿಂಗಳು, ಎರಡು ದಿನಕ್ಕೊಂದು ಬ್ಯಾಚ್ ಅಂದ್ರ ಬಾಳ ಆದ್ರ 45. ಹೇರೋದು ಇಳಸೋದು, ಹಬ್ಬ, ಕೂಲಿ ಆಳು ಬರದ ದಿನ, ರಿಪೇರಿ ಎಲ್ಲಾ ಕಳದು 30 ಬ್ಯಾಚ್ ಆದ್ರ ಪುಣ್ಯ. ಅಲ್ಲಿಗೆ 20 ಕ್ವಿಂಟಲ್ ಒಣ ಕಾಯಿ. ಕೆಜಿಗೆ 10 ರೂಪಾಯಿ ತಗೊಂಡ್ರ ವರ್ಷಕ್ಕ 20 ಸಾವಿರ. ಮಷಿನ್ ಮಾರಿದ್ರ ಬರ್ತಿದ್ದ 2.40 ಲಕ್ಷಕ್ಕ 12 ಪರ್ಸೆಂಟ್ ಬಡ್ಡಿ ಹಿಡಿದ್ರ 28,800. ಬಡ್ಡಿನ ಹುಟ್ಟಂಗಿಲ್ಲ ನೋಡ್ರಿ, ಅಸಲಿನ ಮಾತು ದೂರ, ಕಟ್ಟಿಗಿ ಮತ್ತ ಆಳಿನ ಪಗಾರ ಇನ್ನೂ ಹಿಡದಿಲ್ಲ. ಕೆಜಿಗೆ 20 ಮಾಡಿದ್ರೂ ಅಸಲು ಬರಾಕ ಆರು ವರ್ಷ, ಅದೂ ಒಂದು ರೂಪಾಯಿ ಖರ್ಚು ಇಲ್ಲ ಅಂದ್ಕೊಂಡ್ರ. ಕಾಪಿ ಮಷಿನ್‌ಗೆ ಒಗ್ಗಿದ ಮಾಡೆಲ್ ವರ್ಷದಾಗ ಒಂಬತ್ತು ತಿಂಗಳು ಸುಮ್ನ ನಿಲ್ಲೋ ಮಷಿನ್‌ಗೆ ಒಗ್ಗಂಗಿಲ್ಲ.

ಹಂಗಂತ ಬಾಡಿಗಿ ಮಾಡೆಲ್ ಕೆಟ್ಟದ್ದಲ್ಲ, ಮೆಣಸಿನಕಾಯಿ ಒಂದನ್ನ ನಂಬಿ ಮಾಡಾಕ ಬರಂಗಿಲ್ಲ. ಗದಗ, ಹುಬ್ಬಳ್ಳಿ ಕಡೆ ಉಳ್ಳಾಗಡ್ಡಿ ಸೀಸನ್ ಮೆಣಸಿನಕಾಯಿಗಿಂತ ಮೊದಲ ಬರತೈತಿ, ಸಣ್ಣ ಗಡ್ಡಿಗೆ ರೇಟು ಇರಂಗಿಲ್ಲ, ಹೆಚ್ಚಿ ಒಣಗಿಸಿದ್ರ ಹೋಟೆಲ್-ಮಸಾಲಿಯವರು ತಗೋತಾರ. ನುಗ್ಗಿ ಸೊಪ್ಪು, ಕರಿಬೇವು, ಅರಿಶಿಣ, ಟೊಮ್ಯಾಟೊ. ವರ್ಷಕ್ಕ 90 ಬ್ಯಾಚ್ ಓಡತೈತಿ ಅಂತ ಕಾಗದದ ಮ್ಯಾಲಲ್ಲ, ಒಂದು ಮಷಿನ್ ಮ್ಯಾಲೆ ಮಾಡಿ ತೋರಸ್ರಿ, ಆಮ್ಯಾಲೆ ಬಾಡಿಗಿ ಮಾತು. ಇನ್ನೊಂದು, ಬಾಡಿಗಿ ಅಂದ ಕೂಡ್ಲೇ ರೈತ ಹೋಲಿಸೋದು ಸರ್ಕಾರದ ಕೃಷಿ ಯಂತ್ರಧಾರೆ ರೇಟಿಗೆ. ಹೋಬಳಿ ಮಟ್ಟದಾಗ ಕಮ್ಮಿ ಬಾಡಿಗಿಗೆ ಯಂತ್ರ ಸಿಗೋದು ರೂಢಿ ಆಗೇತಿ, ಆ ರೇಟಿನ ಹಿಂದ ಸರ್ಕಾರದ ರೊಕ್ಕ ಐತಿ, ನಿಮ್ಮ ಹಿಂದ ಇಲ್ಲ.

ಮೂರನೇದು ದಲಾಲಿ ಅಂಗಡಿ. ಸ್ಟಾರ್ಟಪ್ ಹುಡುಗರು ನನ್ನ ಮುಂದ ಇಡೋ ಸ್ಲೈಡ್‌ದಾಗ "ಮಧ್ಯವರ್ತಿಗಳನ್ನ ತಗೀತೀವಿ" ಅಂತ ಒಂದು ಸಾಲು ಇದ್ದ ಇರತೈತಿ. ದಲಾಲರು ಸುಮ್ನ ನಡುವ ನಿಂತಿಲ್ಲರಿ. ಬೀಜ ಗೊಬ್ಬರಕ್ಕ ಕೈಗಡ ಕೊಡ್ತಾರ, ಮಗಳ ಮದುವಿಗೆ ಕೊಡ್ತಾರ, ಮಾಲು ಕೋಲ್ಡ್ ಸ್ಟೋರೇಜಿಗೆ ಇಡಸ್ತಾರ, ಮಾಲು ಮಾರಿದ ಪಟ್ಟಿ ರೊಕ್ಕ ಕೊಡ್ತಾರ. ಅದಕ್ಕ ಪ್ರತಿಯಾಗಿ ಮಾಲು ಅವರ ಅಂಗಡಿಗೇ ಹೋಗಬೇಕು. ನೀವು ಹಸಿಗಾಯಿ ತಗೊಂಡು ಒಣಗಿಸಿ ನೇರ ಕಂಪನಿಗೆ ಮಾರ್ತೀನಿ ಅಂದ್ರ ಆ ರೈತನ ಕೈಗಡದ ಕತಿ ಏನು ಅಂತ ಮೊದಲ ಉತ್ತರ ಹೇಳಬೇಕು. ನಾನು ನೋಡಿದ್ದ್ರಾಗ ನಿಂತ ಕಂಪನಿಗಳು ದಲಾಲರನ್ನ ತಗದ ಹಾಕಿದ್ದಲ್ಲ, ಅವರಿಗೊಂದು ಕೆಲಸ ಕೊಟ್ಟಿದ್ದು. ಬ್ಯಾಡಗಿ ಸುತ್ತ ಕೋಲ್ಡ್ ಸ್ಟೋರೇಜು ಎಷ್ಟದಾವ ನಿಮಗ ಗೊತ್ತು. ತೇವ ಹೆಚ್ಚಿದ್ದ ಮಾಲು ಒಳಗ ಇಟ್ರ ಸ್ಟೋರೇಜಿನವರಿಗೂ ತ್ರಾಸ. ನಿಮ್ಮ ಮೊದಲ ಒಳ್ಳೆ ಗಿರಾಕಿ ರೈತ ಅಲ್ಲ, ಅವರ ಇರಬಹುದು.

ಉಳಿದ ಸಂಗತಿಗಳನ್ನ ಲಗೂನ ಹೇಳಿ ಬಿಡ್ತೀನಿ. 2016ರಿಂದ ಯುಪಿಐ ಬಂದಿದ್ದಕ್ಕ ಹಳ್ಳಿಯೊಳಗ ಸಣ್ಣ ಸಣ್ಣ ರೊಕ್ಕ ವಸೂಲು ಮಾಡೋ ಖರ್ಚು ಇಳದೈತಿ, ಅದಕ್ಕ ಮೊದಲ ಬ್ಯಾಚಿಗೆ ಇಷ್ಟು ಅನ್ನೋ ಮಾಡೆಲ್ ವಸೂಲಿ ಖರ್ಚಿನಾಗ ಸಾಯ್ತಿತ್ತು. ತೇವ, ಉಷ್ಣ ಅಳಿಯೋ ಸೆನ್ಸರ್ ಸೋವಿ ಆಗ್ಯಾವ. ಆಪ್ ಬೇಕು ಅನ್ನೋ ಮಾತಿಗೆ ನನ್ನ ಉತ್ತರ ಇಲ್ಲೈತಿ: ರೈತಗ ಆಪ್ ಬ್ಯಾಡ, ಖರೀದಿ ಮಾಡೋ ಕಂಪನಿಗೆ ಪ್ರತಿ ಬ್ಯಾಚಿನ ಉಷ್ಣ-ತೇವದ ದಾಖಲಿ ಬೇಕು, ಈ ಚೀಲ ಯಾವ ಊರಿಂದು, ಎಷ್ಟು ಡಿಗ್ರಿಯೊಳಗ ಎಷ್ಟು ತಾಸು ಒಣಗೇತಿ ಅಂತ. ಅದಕ್ಕ ಅಂವ ರೊಕ್ಕ ಕೊಟ್ಟಾನು.

ಇನ್ನ ನಿಮ್ಮ ಟೀಮು. ಮೂರೂ ಮಂದಿ ಇಂಜಿನಿಯರು, ಮಾರ್ಕೆಟ್ ಯಾರ್ಡ್‌ದಾಗ ಕೂತು ಮಾತಾಡೋರು ಯಾರೂ ಇಲ್ಲ ಅಂತ ನಿಮ್ಮ ಪತ್ರದಿಂದ ಅನಸ್ತೈತಿ. ಇದ್ದವರ ಕೈಯಿಂದ ಏನು ಆಗತೈತೋ ಅದರ ಸುತ್ತನ ಮಾಡೆಲ್ ಹಣಿಯೋದು, ಎಷ್ಟೋ ಸಲ ಗೊತ್ತಿಲ್ಲದಂಗ. ನಿಮ್ಮ ಅಪ್ಪಾರಿಗೆ ಆ ಯಾರ್ಡ್ ಗೊತ್ತಿದ್ರ ಅವರನ್ನ ವಾರಕ್ಕೊಂದು ದಿನ ಕರಕೊಂಡು ಹೋಗ್ರಿ, ಅವರ ಮಾತಿನಾಗ ನೀವು ತಿಳ್ಕೊಂಡಿದ್ದಕ್ಕಿಂತ ಹೆಚ್ಚು ಹುರುಳೈತಿ.

ಸಬ್ಸಿಡಿ ವಿಚಾರ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದ್ರ ಇದು ಮಾಡೆಲ್ಲನ್ನ ಸದ್ದಿಲ್ಲದ ತಿರುಗಿಸಿ ಬಿಡತೈತಿ. 2020ರಾಗ ಶುರುವಾದ ಕೇಂದ್ರದ ಸಣ್ಣ ಆಹಾರ ಸಂಸ್ಕರಣೆ ಸ್ಕೀಮು, ಪಿಎಂಎಫ್‌ಎಂಇ ಅಂತಾರಲ್ಲ, ಅದರಾಗ ಯಂತ್ರದ ಖರ್ಚಿಗೆ 35 ಪರ್ಸೆಂಟ್, ಮ್ಯಾಲಿನ ಮಿತಿ 10 ಲಕ್ಷ ಅಂತ ಕೇಂದ್ರ ನಿಯಮ ಮಾಡಿತ್ತು. ನಿಮ್ಮ ಮಷಿನ್‌ಗೆ ಹಿಡಿದ್ರ 84 ಸಾವಿರ ಕಮ್ಮಿ ಆತು. ಚಲೋನ. ಆದ್ರ ಸಬ್ಸಿಡಿ ನಂಬಿದ ಕಂಪನಿಗೆ ಗಿರಾಕಿ ರೈತ ಅಲ್ಲ, ಇಲಾಖಿ ಆಗಿ ಬಿಡತೈತಿ. ಆದೇಶ ಬಂದಾಗ ಮಾರಾಟ, ಇಲ್ಲಂದ್ರ ಸುಮ್ನ ಕುಂದ್ರೋದು, ರೈತನೂ "ಈ ವರ್ಷ ಬರತೈತಂತ, ತಡಿ" ಅಂತ ಕಾಯ್ತಾನ, ರೊಕ್ಕ ಕೊಟ್ಟು ತಗೋಬೇಕಂದಾಂವನೂ ಕಾಯ್ತಾನ. ನಾನು ನಿಮ್ಮನ್ನ ಒಂದ ಪ್ರಶ್ನಿ ಕೇಳ್ತೀನಿ: ಆ 11 ಮಷಿನ್‌ದಾಗ ಹೋದ ಸೀಸನ್‌ಗೆ ಎಷ್ಟು ಓಡಿದ್ವು, ಒಂದೊಂದು ಎಷ್ಟು ಬ್ಯಾಚ್? ಇದು ನಿಮಗ ಗೊತ್ತಿಲ್ಲಂದ್ರ ಈ ವಾರನ 11 ಮನಿಗೂ ಹೋಗ್ರಿ. ಮಾರಿದ ಸಂಖ್ಯೆಗಿಂತ ಓಡಿದ ಸಂಖ್ಯೆ ನಿಮ್ಮ ಮಾಡೆಲ್ ಬಗ್ಗೆ ಖರೇ ಹೇಳತೈತಿ. ನಾಲ್ಕು ಮಷಿನ್ ಮ್ಯಾಲೆ ಮೇವಿನ ಹೊರಿ ಕಂಡ್ರ ಬ್ಯಾಸರ ಬ್ಯಾಡ, ಓಡಿಸಿದಾಂವ ಯಾಕ ಓಡಿಸಿದ ಅನ್ನೋದು ಕೇಳಿ ಬರ್ರಿ, ಅಂವನ ನಿಮ್ಮ ಮುಂದಿನ ಗಿರಾಕಿ ಹೆಂಗಿರಬೇಕು ಅಂತ ಹೇಳ್ತಾನ.

ಇನ್ವೆಸ್ಟರ್ ಮಾತಿಗೆ ಬರೋಣು. ಅವರು ಹೇಳಿದ್ದು ನಿಮ್ಮ ಬಗ್ಗೆ ತೀರ್ಪು ಅಲ್ಲ, ಅವರ ರೊಕ್ಕದ ಸ್ವಭಾವ. ಇಂಥಾ ಇನ್ವೆಸ್ಟರ್‌ಗಳ ವೆಂಚರ್ ಫಂಡ್‌ಗೆ ಸುಮಾರು ಹತ್ತು ವರ್ಷದ ಆಯುಷ್ಯ, ಅಷ್ಟರೊಳಗ ಹಾಕಿದ ಕಂಪನಿಗಳ ಪೈಕಿ ಒಂದೆರಡು ಹತ್ತಾರು ಪಟ್ಟು ಬೆಳದು ಮಾರಾಟ ಆಗಬೇಕು, ಉಳಿದವು ಹೋದ್ರೂ ನಡಿತೈತಿ. ಅಂಥಾ ರೊಕ್ಕ ತಗೊಂಡ್ರ ಮಾಡೆಲ್ಲೂ ಅದ ಓಟಕ್ಕ ಓಡಬೇಕು, ಬ್ಯಾಡಗಿಯೊಳಗ ಗಟ್ಟಿ ಆಗೋಕ್ಕಿಂತ ಮೊದಲ ಆಂಧ್ರದ ಮೆಣಸಿನಕಾಯಿ ಮಾರ್ಕೆಟ್ ಗುಂಟೂರಿಗೆ ಹೋಗ್ರಿ ಅಂತಾರ. ಬ್ಯಾಂಕ್ ಸಾಲದ ರೊಕ್ಕ ಉಲ್ಟಾ, ತಿಂಗಳಾ ತಿಂಗಳಾ ಕಂತು ಕೇಳತೈತಿ, ಸೀಸನ್ ದಂಧೆಗೆ ಅದೂ ಕಷ್ಟ, ಸಾಲ ತಗೊಳ್ಳುವಾಗನ ಕಂತು ಮಾರ್ಚ್-ಏಪ್ರಿಲ್‌ಗೆ ಬರಂಗ ಬರಸ್ಕೋಬೇಕು. ನಿಮಗ ಈಗ ಹೊಂದೋದು ಗ್ರ್ಯಾಂಟ್, ಅಂದ್ರ ತಿರಗಿ ಕೊಡಬೇಕಿಲ್ಲದ ರೊಕ್ಕ. 2021ರಾಗ ಶುರುವಾದ ಸ್ಟಾರ್ಟಪ್ ಇಂಡಿಯಾ ಸೀಡ್ ಫಂಡ್‌ದಾಗ ಇನ್‌ಕ್ಯುಬೇಟರ್, ಅಂದ್ರ ಹೊಸ ಕಂಪನಿಗೆ ಆಸರ ಕೊಡೋ ಸೆಂಟರ್, ಮೂಲಕ ಪ್ರಯೋಗಕ್ಕ 20 ಲಕ್ಷದ ತನಕ ಗ್ರ್ಯಾಂಟ್, ಮಾರ್ಕೆಟ್‌ಗೆ ಹೋಗಾಕ 50 ಲಕ್ಷದ ತನಕ ಸಾಲದ ರೂಪದಾಗ ಕೊಡೋ ನಿಯಮ ಇತ್ತು, ಅರ್ಜಿ ಹಾಕುವಾಗ ಕಂಪನಿ ರಿಜಿಸ್ಟರ್ ಆಗಿ ಎರಡು ವರ್ಷ ದಾಟಿರಬಾರದು ಅಂತ ಷರತ್ತು. ರಾಜ್ಯ ಸರ್ಕಾರದ ಎಲಿವೇಟ್ ಅನ್ನೋ ಸ್ಟಾರ್ಟಪ್ ಗ್ರ್ಯಾಂಟ್ ಬ್ಯಾರೆ ಐತಿ. ಈ ವರ್ಷ ಏನು ತಗದಾರ, ನಿಮ್ಮ ತಾರೀಖು ಹೊಂದತೈತೋ ಇಲ್ಲೋ ನಿಮ್ಮ ಇನ್‌ಕ್ಯುಬೇಷನ್ ಸೆಂಟರ್‌ದಾಗ ಕೇಳ್ರಿ. ಒಂದ ಎಚ್ಚರ, ಗ್ರ್ಯಾಂಟ್ ಅರ್ಜಿ ಬರಿಯುವಾಗ ತೀರ್ಪುಗಾರರು ಮೆಚ್ಚಲಿ ಅಂತ ಎಐ, ಪ್ಲಾಟ್‌ಫಾರ್ಮ್ ಅಂತ ಸೇರಸ್ತೀರಿ, ರೊಕ್ಕ ಬಂದ ಮ್ಯಾಲೆ ಅದನ್ನ ಮಾಡಿ ತೋರಿಸಬೇಕಾಗತೈತಿ, ವರ್ಷ ಅದರಾಗ ಹೋಗತೈತಿ.

ಈಗ ನಿಮ್ಮ ಮುಂದ ಇರೋ ದಾರಿಗಳು.

ಅಪ್ಪಾರು ಹೇಳಿದಂಗ ಮಾರೋದು ಮುಂದುವರಸ್ರಿ ಅಂದ್ರ ರೊಕ್ಕ ಮೊದಲ ಬರತೈತಿ, ಲುಕ್ಸಾನು ಗಿರಾಕಿಗೆ. ಅಪಾಯ ಏನಂದ್ರ ಮಷಿನ್ ಓಡದ ನಿಂತ್ರ ಊರಾಗ ಹೆಸರು ಕೆಡತೈತಿ, ಪಕ್ಕದ ಹೊಲದಾಂವ ನೋಡಿಯೇ ಬ್ಯಾಡ ಅಂತಾನ. ಮತ್ತ ಇದನ್ನ ನೋಡಿ ಹುಬ್ಬಳ್ಳಿಯ ಯಾವುದಾದರೂ ಫ್ಯಾಬ್ರಿಕೇಷನ್ ಶೆಡ್‌ನವರು 1.80 ಲಕ್ಷಕ್ಕ ಅಂಥಾದ್ದ ಮಾಡಿ ಕೊಡ್ತಾರ.

ಕೆಜಿ ಬಾಡಿಗಿ, ಮಷಿನ್ ನಿಮ್ಮ ಸ್ವಂತದ್ದು. ಮ್ಯಾಲೆ ಲೆಕ್ಕ ಹೇಳೇನಿ, ಒಂದು ಸೀಸನ್‌ದ ರೊಕ್ಕ ಇಟ್ಕೊಂಡು ಇದಕ್ಕ ಕೈ ಹಾಕಬ್ಯಾಡ್ರಿ.

ಹಸಿಗಾಯಿ ತಗೊಂಡು ಒಣಗಿಸಿ ಮಾರೋದು. ಇದರಾಗ ಲಾಭ ಎಲ್ಲಕ್ಕಿಂತ ಹೆಚ್ಚು ಕಾಣತೈತಿ, ಮಹಾರಾಷ್ಟ್ರದ ಎಸ್‌4ಎಸ್ ಟೆಕ್ನಾಲಜೀಸ್ ಅನ್ನೋ ಕಂಪನಿ ಹೆಣ್ಣುಮಕ್ಕಳ ಕೈಯಾಗ ಸೋಲಾರ್ ಡ್ರೈಯರ್ ಕೊಟ್ಟು, ಅವರು ಒಣಗಿಸಿದ ಮಾಲನ್ನ ತಾವ ಆಹಾರ ಕಂಪನಿಗಳಿಗೆ ಮುಟ್ಟಿಸಿ 2023ರಾಗ ಪರಿಸರದ ಕೆಲಸಕ್ಕ ಕೊಡೋ ಅರ್ತ್‌ಶಾಟ್ ಪ್ರಶಸ್ತಿ ತಗೊಂತು. ಅಲ್ಲಿ ಡ್ರೈಯರ್ ಅಷ್ಟ ಇಲ್ಲ, ಮಾರ್ಕೆಟ್ಟೂ ಕೂಡಿ ಸಿಗತೈತಿ, ಹೊಸತನ ಇರೋದ ಅದರಾಗ. ಆದ್ರ ಮೆಣಸಿನಕಾಯಿಗೆ ಇದನ್ನ ಹಂಗ ತರಾಕ ಹೋಗಬ್ಯಾಡ್ರಿ. ನಿಮ್ಮ 11 ಮಷಿನ್ ಪೂರಾ ಓಡಿದ್ರ 220 ಕ್ವಿಂಟಲ್, ಕ್ವಿಂಟಲ್‌ಗೆ 20 ಸಾವಿರ ಹಿಡೀರಿ, 44 ಲಕ್ಷ ರೊಕ್ಕ ಚೀಲದಾಗ ಕುಂದ್ರತೈತಿ. ರೇಟು ಬರೇ ಹತ್ತು ಪರ್ಸೆಂಟ್ ಇಳಿದ್ರ 4.40 ಲಕ್ಷ ಹೋತು, ಅಂದ್ರ ಸುಮಾರು ಎರಡು ಮಷಿನ್ ಕಿಮ್ಮತ್ತು. 2024ರ ಮಾರ್ಚ್‌ದಾಗ ಬ್ಯಾಡಗಿಯೊಳಗ ರೇಟು ಬಿದ್ದು ರೈತರು ಸಿಟ್ಟಿಗೆದ್ದು ಎಪಿಎಂಸಿ ಕಚೇರಿ ಮ್ಯಾಲೆ ಹೋಗಿ, ಗಾಡಿಗಳಿಗೆ ಬೆಂಕಿ ಬಿದ್ದಿದ್ದು ನೀವ ನೋಡೀರಿ, ಇಲ್ಲಿ ರೇಟು ಯಾರ ಮಾತೂ ಕೇಳಂಗಿಲ್ಲ. ಎಪಿಎಂಸಿ ಲೈಸೆನ್ಸ್ ಬೇಕೋ ಬ್ಯಾಡೋ ಅನ್ನೋದೂ ಬ್ಯಾರೆ ಐತಿ, ನಿಯಮ ಬದಲಾಗ್ತಿರ್ತಾವ, ಖರೀದಿಗೆ ಮೊದಲ ಕಚೇರಿಯೊಳಗ ಕೇಳಿ ಬರವಣಿಗಿಯೊಳಗ ತಗೋರಿ.

ನಾನು ನಿಮ್ಮ ಜಾಗದಾಗ ಇದ್ರ ಈ ಸೀಸನ್‌ಗೆ ಹಿಂಗ ಮಾಡ್ತಿದ್ದೆ. ಮಷಿನ್ ಮಾರೋದು ಬಿಡಂಗಿಲ್ಲ, ಆದ್ರ ಒಬ್ಬೊಬ್ಬ ರೈತಗ ಅಲ್ಲ, ವರ್ಷಪೂರ್ತಿ ಓಡಿಸೋ ಮಂದಿಗೆ: ರೈತ ಉತ್ಪಾದಕ ಕಂಪನಿ, ಸ್ತ್ರೀಶಕ್ತಿ ಸಂಘ, ಕೋಲ್ಡ್ ಸ್ಟೋರೇಜು. ಅವರ ಕಡೆ ಆಳು ಐತಿ, ಜಾಗ ಐತಿ, ಸಬ್ಸಿಡಿ-ಸಾಲ ತಗೊಳ್ಳೋ ಅರ್ಹತಿನೂ ಐತಿ. ಅದರ ಜೊತಿ ಒಬ್ಬ, ಒಬ್ಬನ ಸಾಕು, ಮಸಾಲಿ ಅಥವಾ ಎಕ್ಸ್‌ಪೋರ್ಟ್ ಖರೀದಿದಾರನ್ನ ಹಿಡೀರಿ, ತೇವ ಇಷ್ಟರೊಳಗ, ಅಫ್ಲಾಟಾಕ್ಸಿನ್ ಟೆಸ್ಟ್ ಪಾಸು, ಬ್ಯಾಚಿನ ದಾಖಲಿ ಸಮೇತ ಕೊಟ್ರ ಆ ದಿನದ ಯಾರ್ಡ್ ರೇಟಿನ ಮ್ಯಾಲೆ ಕೆಜಿಗೆ ಇಷ್ಟು ಅಂತ ಬರಸ್ಕೋರಿ. ಮಾಲು ನಿಮ್ಮ ಹೆಸರಿಗೆ ಬರಬಾರದು, ರೈತನಿಂದ ದಲಾಲಿ ಅಂಗಡಿ ಮೂಲಕನ ಖರೀದಿದಾರಗ ಹೋಗ್ಲಿ. ಹೆಚ್ಚಿಗೆ ಬಂದ ರೊಕ್ಕದಾಗ ಮೊದಲ ರೈತನ ತೂಕದ ಲುಕ್ಸಾನು ತುಂಬ್ರಿ, ಆ ನಾಲ್ಕೂವರಿ ಕೆಜಿದು, ಉಳಿದದ್ರಾಗ ಮಷಿನ್ ಓಡಿಸೋರಿಗೆ ಒಂದು ಪಾಲು, ನಿಮಗೊಂದು ಪಾಲು. ನಿಮ್ಮ ಗಳಿಕಿ ಆಗ ಮೂರು ಕಡೆಯಿಂದ, ಮಷಿನ್ ಮಾರಿದ್ದು, ವರ್ಷದ ಸರ್ವಿಸ್, ಕೆಜಿ ಮ್ಯಾಲಿನ ಕ್ವಾಲಿಟಿ ಫೀ. ರೇಟು ಬಿದ್ರ ನಿಮಗ ಹೊಡತ ಇಲ್ಲ. ಓಡದ ಮಷಿನ್‌ನಿಂದ ಫೀ ಬರಂಗಿಲ್ಲ ಅಂತ ನೀವ ಹೋಗಿ ಓಡಸ್ತೀರಿ, ಈಗ ನಿಮಗ ಆ ಗರಜು ಇಲ್ಲ.

ಇದರಾಗೂ ಅಪಾಯ ಅದಾವ, ಮುಚ್ಚಿಡಂಗಿಲ್ಲ. ಟೆಸ್ಟ್ ಫೇಲ್ ಆದ್ರ ಯಾರ ಹೊಣಿ ಅನ್ನೋದು ಮೊದಲ ಬರಿಯಬೇಕು. ಹೊಲದಾಗಿಂದನ ಬೂಸ್ಟು ಹಿಡದು ಬಂದ ಕಾಯಿಗೆ ನಿಮ್ಮ ಮಷಿನ್ ಏನು ಮಾಡೀತು? ಅದಕ್ಕ ಹಸಿಗಾಯಿ ಆರಿಸಿ ಹೇರೋ ನಿಯಮ ಬೇಕು, ಸ್ಯಾಂಪಲ್ ಯಾರ ಮುಂದ ತಗೀತಾರ, ಯಾವ ಲ್ಯಾಬು, ಟೆಸ್ಟ್ ರೊಕ್ಕ ಯಾರು ಕೊಡ್ತಾರ ಎಲ್ಲಾ ಬೇಕು. ಲಗೂ ಮುಗಸ್ಬೇಕಂತ ಓಡಸೋರು ಉರಿ ಹೆಚ್ಚು ಮಾಡಿದ್ರ ಬಣ್ಣ ಕಂದತೈತಿ, ಆಗ ದಾಖಲಿನ ನಿಮ್ಮ ವಿರುದ್ಧ ಸಾಕ್ಷಿ. ಒಬ್ಬನ ಖರೀದಿದಾರ ಇದ್ದಾಗ ಅಂವ ಸೀಸನ್ ನಡುವ ಕೈ ಎತ್ತಿದ್ರ ಕಷ್ಟ, ಹಂಗಾಗಿ ಮೊದಲ ವರ್ಷ ಎರಡ ಊರು, ಮೂರೋ ನಾಲ್ಕೋ ಮಷಿನ್ ಅಷ್ಟ. ರೊಕ್ಕ ತಡ ಮಾಡೋದು ದೊಡ್ಡ ಕಂಪನಿಗಳ ರೂಢಿ, ನೀವು ಸಣ್ಣ ಉದ್ದಿಮಿಗಳಿಗೆ ಇರೋ ಉದ್ಯಮ್ ರಿಜಿಸ್ಟ್ರೇಷನ್ ಮಾಡಿಸಿರ್ರಿ, ಸಣ್ಣ ಉದ್ದಿಮಿಗಳ ಎಂಎಸ್‌ಎಂಇ ಕಾಯ್ದೆ ಪ್ರಕಾರ ಕರಾರು ಇಲ್ಲಂದ್ರ 15 ದಿನ, ಇದ್ರ ಬಾಳ ಆದ್ರ 45 ದಿನದೊಳಗ ರೊಕ್ಕ ಕೊಡಬೇಕು, 2024ರಿಂದ ಇನ್‌ಕಮ್ ಟ್ಯಾಕ್ಸ್‌ದಾಗೂ ತಡ ಮಾಡಿದ ರೊಕ್ಕಾನ ಕೊಡೋತನಕ ಖರ್ಚಿನ್ಯಾಗ ತೋರಿಸಾಕ ಬರಂಗಿಲ್ಲ ಅಂತ ಆಗೇತಿ. ನಿಮ್ಮ ಫೀ ಬಿಲ್ ಮ್ಯಾಲೆ ಉದ್ಯಮ್ ನಂಬರ್ ಹಾಕ್ರಿ, ಅಕೌಂಟ್ಸ್‌ನವರು ಅದನ್ನ ನೋಡ್ತಾರ.

ಮೆಂಟರ್‌ಗೆ ಏನು ಹೇಳೋದು? ಈ ತೂಕದ ಲೆಕ್ಕ ಮತ್ತ 30 ಬ್ಯಾಚಿನ ಲೆಕ್ಕ ಅವರ ಮುಂದ ಇಡ್ರಿ. ಅವರು ಒಳ್ಳೇದಕ್ಕ ಹೇಳಿರ್ತಾರ, ಬ್ಯಾಡಗಿ ಯಾರ್ಡ್ ಅವರಿಗೆ ಗೊತ್ತಿರಲಿಕ್ಕಿಲ್ಲ. ಅಂಕಿ ನೋಡಿದ ಮ್ಯಾಲೂ ಆಪ್ ಅಂದ್ರ ಯಾವ ಅಂಕಿ ಅದರಿಂದ ಬದಲಾಗತೈತಿ ಅಂತ ಕೇಳ್ರಿ, ಜಗಳ ಮಾಡೋದು ಬ್ಯಾಡ.

ಹಸಿಗಾಯಿ ಬರೋಕಿಂತ ಮೊದಲ, ದೀಪಾವಳಿ ಆಸುಪಾಸಿಗೆ ಖರೀದಿದಾರನ ಜೊತಿ ಮಾತು ಮುಗೀಬೇಕು, ಸೀಸನ್ ಶುರುವಾದ ಮ್ಯಾಲೆ ಅವರು ಫೋನ್ ಎತ್ತಂಗಿಲ್ಲ. ಅದಕ್ಕೂ ಮೊದಲ ಆ 11 ಮಷಿನ್‌ದ ಬ್ಯಾಚ್ ಲೆಕ್ಕ, ಪ್ರತಿ ಬ್ಯಾಚಿಗೆ ಕಟ್ಟಿಗಿ ಎಷ್ಟು ಹೋತು, ಒಣಗಿದ ಮ್ಯಾಲೆ ತೇವ ಎಷ್ಟಿತ್ತು, ಒಂದು ಹಾಳಿಯೊಳಗ ಬರದು ಕಳಸ್ರಿ. ಕ್ವಾಲಿಟಿ ಫೀ ಕೆಜಿಗೆ ಎಷ್ಟು ಕೇಳಬೇಕು ಅನ್ನೋದನ್ನ ಅದನ್ನ ನೋಡಿದ ಮ್ಯಾಲ ಹೇಳಾಕ ಬರತೈತಿ.